ಅಧ್ಯಕ್ಷೆ ಪರೀಕ್ಷೆಗೆ ಹೋದದ್ದು

ಇವತ್ತೊಂದು ದಿನ ಮಗಳು ಫೇಲಾಗಿಬಿಟ್ಟರೆ ಸಾಕು ಎಂದು ಅವನಿಗೆ ಅನ್ನಿಸಿದ್ದು ಅವಳ ಎಡಗಾಲಿನ ಬೂಟಿನ ಪಟ್ಟಿ ಬಿಗಿಯುತ್ತಿದ್ದಾಗ. ಅನ್ನಿಸಿದ ಕೂಡಲೇ, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ ತಲೆಯೆತ್ತಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಮಗಳೊಬ್ಬಳೇ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಕೂದಲು ಉದುರುತ್ತಿದ್ದ ಅವನ ನೆತ್ತಿಯನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದಳು. ನಾಲ್ಕು ವರ್ಷದ ಮಕ್ಕಳು ಹಾಗೆ ಕೂರುವುದಿಲ್ಲ. ಸಭೆಗಳಲ್ಲಿ ಎಲ್ಲರ ಭಾಷಣ ಮುಗಿಯುವ ತನಕ ಮುಖದ ಒಂದು ಗೆರೆಯೂ ಅಲುಗದಂತೆ ಕೂರುವ ಅಧ್ಯಕ್ಷರು ಮಾತ್ರ ಹಾಗೆ ಕೂರುತ್ತಾರೆ. ಅವಳಿಗೆ ಒಂದೂವರೆ ತುಂಬಿದಾಗ, ಓರಗೆಯ ಮಕ್ಕಳೆಲ್ಲ ಮನೆ ತುಂಬ ಓಡಾಡುತ್ತಿದ್ದರೆ ಇವಳು ಮಾತ್ರ ದಿಂಬಿಗೊರಗಿ ಕತ್ತು ತಿರುಗಿಸಿ ಒಬ್ಬೊಬ್ಬರನ್ನೇ ನೋಡುತ್ತಿದ್ದುದನ್ನು ಕಂಡು ಹೆಂಡತಿಯೇ ನಗುತ್ತ 'ಅಧ್ಯಕ್ಷೆ' ಎಂದು ಕರೆದದ್ದು. ಆಗಿನ್ನೂ ನಗುವುದು ಸುಲಭವಿತ್ತು. ಅವಳು ನಡೆದದ್ದು ಎರಡೂ ಮುಕ್ಕಾಲು ವರ್ಷಕ್ಕೆ. ಮಾತು ಈಗಲೂ ಮೂರೇ: ಬಾ, ಬೇಡ, ಸಾಕು. ಒಂದು ಸಭೆಯನ್ನು ನಡೆಸಲು ಇಷ್ಟು ಮಾತು ಧಾರಾಳವಾಗಿ ಸಾಕು. ಮನೆಯನ್ನಂತೂ ಅವಳು ಇಷ್ಟರಲ್ಲೇ ಆಳುತ್ತಿದ್ದಳು. ಆದರೆ ಮಕ್ಕಳ ಬೆಳವಣಿಗೆಯ ಕೇಂದ್ರದವರ ಪ್ರಕಾರ ಈ ವಯಸ್ಸಿಗೆ ನೂರಾರು ಮಾತು ಬರಬೇಕು. ಇವತ್ತು ಹನ್ನೊಂದು ಗಂಟೆಗೆ ಅಲ್ಲಿಯ ಮೇಡಂ ಒಬ್ಬರು ಅವಳನ್ನು ಪರೀಕ್ಷಿಸಿ, ಎಷ್ಟು ಹಿಂದಿದ್ದಾಳೆ ಎಂದು ಅಳೆದು, ಮಾತಿನ ತರಬೇತಿ, ವ್ಯಾಯಾಮ, ಶಾಲೆಗೆ ಜೊತೆಗೊಬ್ಬ ಸಹಾಯಕಿ ಇವೆಲ್ಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಚೆನ್ನಾಗಿ ಮಾಡಿದರೆ ಏನೂ ಸಿಗುವುದಿಲ್ಲ. ಕೆಟ್ಟದಾಗಿ ಮಾಡಿದರೆ ಎಲ್ಲವೂ ಸಿಗುತ್ತದೆ. ಇಂಥ ಪರೀಕ್ಷೆಯನ್ನು ಅವನು ತನ್ನ ಒಂಬತ್ತು ವರ್ಷದ ಕೆಲಸದಲ್ಲಿ ನೋಡಿರಲಿಲ್ಲ.

ಪರೀಕ್ಷೆ ಅವನ ಅನ್ನ. ವಾಹನ ಓಡಿಸುವ ಪರವಾನಗಿಗೆ ಬಂದವರ ಪಕ್ಕದ ಸೀಟಿನಲ್ಲಿ ರಟ್ಟಿನ ಮೇಲೆ ಕಾಗದ ಸಿಕ್ಕಿಸಿಕೊಂಡು ಕೂರುವುದು, ಕಂಬಗಳ ನಡುವೆ ಗಾಡಿ ಹಿಂದಕ್ಕೆ ತೆಗೆಸುವುದು, ಕಂಬ ಅಲುಗಿದರೆ ಅಡ್ಡಗೆರೆ ಎಳೆಯುವುದು. ಅವನ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂದು ತರಬೇತಿ ಶಾಲೆಯವರು ತಮ್ಮ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿ ಕಳಿಸುತ್ತಿದ್ದರಂತೆ. ಎಂಥೆಂಥವರೋ ಬಂದು ಹೋಗಿದ್ದರು: ಗಾಡಿ ಹತ್ತುವ ಮೊದಲೇ ಅಳುವವರು, ಮೀಸೆಯ ಮೇಲೆ ಬೆವರಿಟ್ಟುಕೊಂಡ ನಿವೃತ್ತ ಅಧಿಕಾರಿಗಳು, "ಸಾರ್, ನಿನ್ನೆ ತನಕ ಸರಿಯಾಗಿ ಓಡಿಸ್ತಿದ್ದೆ, ಇವತ್ತು ನಿಮ್ಮನ್ನ ನೋಡಿದ ಮೇಲೆ ಹೀಗಾಗ್ತಿದೆ" ಎನ್ನುವವರು. ಯಾರಿಗೂ ಅವನು ಕರಗಿದವನಲ್ಲ. ಬರುತ್ತದೆ ಅಥವಾ ಬರುವುದಿಲ್ಲ, ನಡುವೆ ಏನೂ ಇಲ್ಲ ಎಂಬುದು ಅವನ ಸಿದ್ಧಾಂತವಾಗಿತ್ತು. ಮಗಳು ಹುಟ್ಟಿದ ಮೇಲೆ ಆ ನಡುವಿನ ಜಾಗದಲ್ಲೇ ಅವನ ಸಂಸಾರ ವಾಸವಾಗಿತ್ತು.

"ರೀ, ತಲೆ ಬಾಚಬೇಡಿ ಅವಳಿಗೆ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಇವತ್ತು ಜೊತೆಯವಳಿಗೆ ರಜೆ, ಅವಳು ಹೋಗಲೇಬೇಕು. "ಆ ಅವಳಿ ಮಕ್ಕಳ ತಾಯಿ ಏನು ಹೇಳಿದ್ರು ನೆನಪಿದೆ ತಾನೆ? ಹೊಸ ಬಟ್ಟೆ ಬೇಡ, ತಲೆ ಬಾಚೋದು ಬೇಡ, ಕೇಳಿದ್ದಕ್ಕೆಲ್ಲ ಅವಳ ಅತ್ಯಂತ ಕೆಟ್ಟ ದಿನ ನೆನೆಸ್ಕೊಂಡು ಉತ್ತರ ಕೊಡಿ ಅಂದ್ರು. ಅವರ ಮಕ್ಕಳಿಗೆ ಮೊದಲನೇ ಸಲ ಏನೂ ಸಿಗಲಿಲ್ಲವಂತೆ. ಯಾಕೆ? ತಾಯಿ ಲಿಪ್‌ಸ್ಟಿಕ್ ಹಾಕ್ಕೊಂಡು ಹೋಗಿದ್ರಂತೆ." ಅವಳಿ ಮಕ್ಕಳ ತಾಯಿ ಕೇಂದ್ರದ ಕಾಯುವ ಕೋಣೆಯಲ್ಲಿ ಪರಿಚಯವಾದ ಹಳೆಯ ಹುಲಿ. ಅವರ ಸಲಹೆಯಂತೆ ಗಂಡಹೆಂಡಿರಿಬ್ಬರೂ ಹೋದ ಭಾನುವಾರ ಕೂತು ಮಗಳಿಗೆ ಬಾರದ್ದರ ಪಟ್ಟಿ ಮಾಡಿದ್ದರು. ಶುರುವಿಗೆ ಕೈ ಬರಲಿಲ್ಲ. ಆಮೇಲೆ ಬಂತು. ಗುಂಡಿ ಹಾಕಲು ಬಾರದು, ಚಮಚ ಹಿಡಿಯಲು ಬಾರದು, ಹೆಸರು ಕರೆದರೆ ತಿರುಗುವುದಿಲ್ಲ, ಎರಡು ಕಾಲಲ್ಲಿ ಕುಪ್ಪಳಿಸಲು ಬಾರದು, ಒಂದರ ಮೇಲೊಂದು ಇಡಲು ಬಾರದು. ಐವತ್ತೆರಡನೆಯದಕ್ಕೆ ಬಂದಾಗ ಹೆಂಡತಿ ಪೆನ್ನು ಕೆಳಗಿಟ್ಟು, "ನಮ್ಮ ಮಗು ಬಗ್ಗೆ ಚಾಡಿ ಹೇಳ್ತಿದ್ದೀವಿ ಅನ್ನಿಸುತ್ತೆ ಅಲ್ವಾ," ಎಂದಿದ್ದಳು. ಅಧ್ಯಕ್ಷೆ ಆಗ ಮೇಜಿನ ಕೆಳಗೆ ಕೂತು ಅವನ ಕಾಲ್ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು.

ಬೂಟು ಹಾಕಿ ಮುಗಿಸಿ ಅವನು ಶರ್ಟು ಬದಲಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನ ತಾಯಿ ಕೆಲಸ ಕೆಡಿಸಿಯಾಗಿತ್ತು. ಮಗಳಿಗೆ ಕಸೂತಿಯ ಫ್ರಾಕು, ಎರಡು ಜುಟ್ಟು, ಜುಟ್ಟಿಗೆ ಎರಡು ಕೆಂಪು ರಿಬ್ಬನ್ನು. ಮುಖಕ್ಕೆ ಪೌಡರು.

"ಅಮ್ಮಾ!"

"ಏನೋ? ನಾಲ್ಕು ಜನ ನೋಡೋ ಜಾಗಕ್ಕೆ ಕರ್ಕೊಂಡು ಹೋಗ್ತೀಯ, ಭಿಕಾರಿ ಹಾಗೆ ಕರ್ಕೊಂಡು ಹೋಗ್ತೀಯಾ? ನಾನೂ ಬರ್ತಿದ್ದೀನಿ. ನೀನು ಒಬ್ಬನೇ ಹೋದ್ರೆ ಅಲ್ಲಿ ಉಗುರು ಕಚ್ಚುತ್ತಾ ಕೂತಿರ್ತೀಯ."

ರಿಬ್ಬನ್ನು ಬಿಚ್ಚಲು ಅವನು ಕೈ ಚಾಚಿದ. "ಬೇಡ," ಎಂದಳು ಅಧ್ಯಕ್ಷೆ. ತೀರ್ಪು ಹೊರಬಿದ್ದ ಮೇಲೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ಬಸ್ಸಿನಲ್ಲಿ ತಾಯಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಪಕ್ಕ ಕೂತಳು, ಅವನು ಕಂಬ ಹಿಡಿದು ನಿಂತ. ಪಕ್ಕದ ಹೆಂಗಸು, ನಿರೀಕ್ಷೆಯಂತೆ, ಎಷ್ಟು ವರ್ಷ ಎಂದಳು. "ಎರಡೂವರೆ," ಎಂದಳು ತಾಯಿ. ತರಕಾರಿಯವನಿಗೆ ಮೂರು ಎಂದು ಹೇಳಿದ್ದಳು, ಮೇಲಿನ ಮನೆಯವರಿಗೆ ಮೂರೂ ಕಾಲು. ಎದುರಿನವರ ಮುಖದಲ್ಲಿ ಅನುಮಾನ ಕಾಣುವ ಮೊದಲೇ ಮಗುವಿನ ವಯಸ್ಸನ್ನು ಅದರ ಅಳತೆಗೆ ಕತ್ತರಿಸುವ ಕಲೆ ಅವಳಿಗೆ ಕರಗತವಾಗಿತ್ತು. "ಎರಡೂವರೆಗೆ ಎಷ್ಟು ಎತ್ತರ!" ಎಂದು ಆ ಹೆಂಗಸು ಬೆರಗಾದಳು. ತಾಯಿ ಹೆಮ್ಮೆಯಿಂದ ಅವನ ಕಡೆ ನೋಡಿದಳು. ಅವನು ಕಿಟಕಿಯಾಚೆ ನೋಡಿದ. ತಾಯಿ ಸುಳ್ಳು ಹೇಳುವುದರಲ್ಲಿ ನಿಪುಣೆ ಎಂಬುದು ಅವನಿಗೆ ತಿಳಿದದ್ದೇ ಈಚೆಗೆ, ಆ ವಂಶದ ನಕ್ಷೆ ಬರೆಸಿದ ದಿನ. ಆಸ್ಪತ್ರೆಯ ಮೂರನೆಯ ಮಹಡಿಯ ಸಣ್ಣ ಕೋಣೆಯಲ್ಲಿ, ತನಗಿಂತ ಹದಿನೈದು ವರ್ಷ ಚಿಕ್ಕವಳಾದ ಸಲಹೆಗಾರ್ತಿಯೊಬ್ಬಳು ದೊಡ್ಡ ಹಾಳೆ ಹರಡಿಕೊಂಡು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತ, ರಕ್ತ ತೆಗೆಯುವ ಮೊದಲು ಎರಡೂ ಕಡೆಯ ಮೂರು ತಲೆಮಾರು ತಿಳಿಯಬೇಕು ಎಂದಿದ್ದಳು. ತಮ್ಮ ಕಡೆಯ ಮಾನ ಕಾಯಲು ಅವನ ತಾಯಿಯೂ ಬಂದಿದ್ದಳು, ಅತ್ತೆಯೂ ಬಂದಿದ್ದರು. ತಡವಾಗಿ ಮಾತು ಬಂದವರು, ಓದಿನಲ್ಲಿ ಕಷ್ಟಪಟ್ಟವರು ಯಾರಾದರೂ ಇದ್ದಾರೆಯೇ ಎಂದು ಸಲಹೆಗಾರ್ತಿ ಕೇಳಿದಳು. ನಮ್ಮಲ್ಲಿ ಒಂಬತ್ತು ತಿಂಗಳಿಗೇ ಮಾತಾಡುತ್ತವೆ ಎಂದರು ಅತ್ತೆ. ನಮ್ಮಲ್ಲಿ ಎಂಟಕ್ಕೇ ಎಂದಳು ತಾಯಿ. "ನಿಮ್ಮ ಅಣ್ಣನ ಮಗ ಮೂರು ಸಲ ಒಂದೇ ಕ್ಲಾಸಲ್ಲಿ ಕೂತಿದ್ದ ಅಲ್ವಾ ಬೀಗಿತ್ತಿ?" ಎಂದು ಅತ್ತೆ ಮೆತ್ತಗೆ ನೆನಪಿಸಿದರು. "ಅವನಿಗೆ ಆ ಮೇಷ್ಟ್ರ ಮೇಲೆ ಗೌರವ ಜಾಸ್ತಿ," ಎಂದಳು ತಾಯಿ. ಸಲಹೆಗಾರ್ತಿ ಚೌಕದ ಒಳಗೆ ಏನು ತುಂಬಬೇಕೆಂದು ತಿಳಿಯದೆ ಪೆನ್ಸಿಲು ಎತ್ತಿ ಹಿಡಿದೇ ಇದ್ದಳು.

ಅವತ್ತು ಮೂವರ ರಕ್ತವನ್ನೂ ತೆಗೆದಿದ್ದರು: ಮಗಳದು, ಅವನದು, ಹೆಂಡತಿಯದು. ಮೂವರಲ್ಲಿ ಕಿರುಚಿದವನು ಅವನೊಬ್ಬನೇ. ಮನೆಗೆ ಬರುವಾಗ, ಹೀಗೆಯೇ ಬಸ್ಸಿನಲ್ಲಿ, ತಾಯಿ ಕಿಟಕಿಯಾಚೆ ನೋಡುತ್ತ ಯಾರಿಗೋ ಎಂಬಂತೆ, "ನೀನೂ ಮೂರೂವರೆ ತನಕ ಬಾಯಿ ಬಿಟ್ಟಿರಲಿಲ್ಲ," ಎಂದಿದ್ದಳು. "ಯಾಕಮ್ಮ ಅಲ್ಲಿ ಹೇಳಲಿಲ್ಲ?" "ಬೀಗಿತ್ತಿ ಮುಂದೆ ಹೇಳ್ಬೇಕಾ?" ಅಲ್ಲಿಂದ ಹನ್ನೊಂದು ವಾರ, ಫಲಿತಾಂಶ ಬರುವವರೆಗೆ, ಅವನು ತಪ್ಪಿತಸ್ಥನಾಗಿ ಬಾಳಿದ. ಕುಂಬಳಕಾಯಿ ಕಳ್ಳ ಎಂದವರೇ ಇರಲಿಲ್ಲ, ಅವನಾಗಿಯೇ ಹೆಗಲು ಮುಟ್ಟಿ ಮುಟ್ಟಿ ನೋಡಿಕೊಂಡ. ಕನ್ನಡಿಯಲ್ಲಿ ತನ್ನ ಕಿವಿ, ಅಗಲವಾದ ಹಣೆ, ಮಗಳದೇ ಹಣೆ. ಎಲ್ಲವೂ ಸಾಕ್ಷಿ. ಹೆಂಡತಿಗೆ ಹೇಳಬೇಕಾದ ಮಾತನ್ನು ಕೆಲಸದಲ್ಲಿ, ಯಾರೋ ಹೆದರಿ ಹೆದರಿ ಗಾಡಿ ಹಿಂದಕ್ಕೆ ತೆಗೆಯುತ್ತಿರುವಾಗ, ಮನಸ್ಸಿನಲ್ಲೇ ತಿದ್ದಿ ತಿದ್ದಿ ಉರುಹಾಕಿದ: ಇದು ನನ್ನಿಂದ ಬಂದದ್ದು, ನನ್ನನ್ನು ಕ್ಷಮಿಸು ಎನ್ನುವುದಿಲ್ಲ, ಆದರೆ. ಆ 'ಆದರೆ'ಯ ಮುಂದೆ ಏನು ಬರಬೇಕೆಂದು ಗೊತ್ತಾಗದೆ ಒಂದು ದಿನ ಕಂಬ ಬೀಳಿಸಿದವನನ್ನು ಪಾಸು ಮಾಡಿಬಿಟ್ಟಿದ್ದ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವನಿಗೆ ಒಂದು ಬಗೆಯ ಘನತೆಯೂ ಬಂದಿತ್ತು. ಮೆಲ್ಲಗೆ ಮಾತಾಡುತ್ತಿದ್ದ. ಪಾತ್ರೆ ತೊಳೆಯುತ್ತಿದ್ದ. ಹೆಂಡತಿ ಕಾರಣ ಕೇಳದೆ ತೊಳೆಯಲು ಬಿಟ್ಟಿದ್ದಳು.

ಫಲಿತಾಂಶ ಬಂದ ದಿನ ಅದೇ ಸಲಹೆಗಾರ್ತಿ ಅದೇ ಕೋಣೆಯಲ್ಲಿ, ಮಗಳ ವಂಶವಾಹಿಯೊಂದರಲ್ಲಿ ಒಂದು ಸಣ್ಣ ಬದಲಾವಣೆ ಸಿಕ್ಕಿದೆ, ಅವಳ ನಿಧಾನಕ್ಕೆ ಅದೇ ಕಾರಣ ಎಂದಳು. ಅದಕ್ಕೊಂದು ಹೆಸರೂ ಇತ್ತು, ಅಕ್ಷರ ಅಂಕಿ ಬೆರೆತು ಗಾಡಿಯ ನಂಬರಿನ ಹಾಗಿತ್ತು. ಅವನು ಕಣ್ಣು ಮುಚ್ಚಿ ಕಾದ. "ಇದು ತಂದೆಯಿಂದ ಬಂದಿದ್ದಲ್ಲ," ಎಂದಳು. ಅವನು ಹೆಂಡತಿಯ ಕಡೆ ಕರುಣೆಯಿಂದ ತಿರುಗಿದ. "ತಾಯಿಯಿಂದಲೂ ಅಲ್ಲ. ನಿಮ್ಮಿಬ್ಬರ ರಕ್ತದಲ್ಲೂ ಇಲ್ಲ. ಮಗುವಿನಲ್ಲೇ ಹೊಸದಾಗಿ ಆಗಿದ್ದು. ಯಾರೋ ಏನೋ ಮಾಡಿದ್ದರಿಂದ ಆಗಿದ್ದಲ್ಲ, ಮಾಡದೆ ಇದ್ದಿದ್ದರಿಂದಲೂ ಅಲ್ಲ." ಖುಷಿಯಾಗಬೇಕಿತ್ತು. ತಪ್ಪೊಪ್ಪಿಗೆ ಬರೆದುಕೊಂಡು ಹೋದವನಿಗೆ ಠಾಣೆಯ ಬಾಗಿಲಲ್ಲಿ ಕಳವೇ ಆಗಿಲ್ಲ ಎಂದು ಹೇಳಿ ಕಳಿಸಿದಂತಾಯಿತು. ಮೆಟ್ಟಿಲಿಳಿಯುವಾಗ ಹೆಂಡತಿ ತಟ್ಟನೆ ನಿಂತು, "ಮೂರನೇ ತಿಂಗಳಲ್ಲಿ ಶೀತ ಅಂತ ಒಂದು ಮಾತ್ರೆ ನುಂಗಿದ್ದೆ. ಅದೇ ಅಂದ್ಕೊಂಡಿದ್ದೆ. ನಾಲ್ಕು ವರ್ಷದಿಂದ," ಎಂದಳು. "ನಾನು ಮೂರೂವರೆ ತನಕ ಮಾತಾಡಿರಲಿಲ್ಲವಂತೆ," ಎಂದ ಅವನು. ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಗೊತ್ತಾಗದಂತೆ ಬಚ್ಚಿಟ್ಟುಕೊಂಡಿದ್ದ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. "ಅದಕ್ಕೇನಾ ಪಾತ್ರೆ ತೊಳೀತಿದ್ದಿದ್ದು?" ಎಂದಳು ಅವಳು. ಮರುದಿನದಿಂದ ಪಾತ್ರೆ ಸರದಿಯ ಮೇಲೆ ಬಂತು. ಅಜ್ಜಿಯರಿಗೆ ಮಾತ್ರ ಸಮಾಧಾನವಾಗಲಿಲ್ಲ. ಇಷ್ಟು ದಿನ ಕತ್ತಿ ಮಸೆದದ್ದು ದಂಡವಾಯಿತಲ್ಲ. "ಯಾರದೂ ಅಲ್ಲ ಅಂದ್ರೆ? ಅದೇನು ಬಸ್ಸಲ್ಲಿ ಬಿಟ್ಟುಹೋದ ಛತ್ರಿನಾ?" ಎಂದಿದ್ದಳು ತಾಯಿ. ಮೊದಲ ಸಲ ಬೀಗಿತ್ತಿಯರಿಬ್ಬರೂ ಒಂದಾಗಿ ಆಸ್ಪತ್ರೆಯವರನ್ನೇ ಬೈದಿದ್ದರು.

"ಇಳಿಯೋ, ಸ್ಟಾಪ್ ಬಂತು," ಎಂದು ತಾಯಿ ಅವನ ಮೊಣಕೈ ತಿವಿದಳು.

ಕೇಂದ್ರದ ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಒಂದು ಚಕ್ರ ಕಳಕೊಂಡ ಆಟದ ಲಾರಿ. ಅವಳಿ ಮಕ್ಕಳ ತಾಯಿ ಅಲ್ಲೇ ಇದ್ದರು, ಒಬ್ಬನನ್ನು ಕಂಕುಳಲ್ಲೂ ಇನ್ನೊಬ್ಬನನ್ನು ಕಾಲಿನ ನಡುವೆಯೂ ಅದುಮಿಕೊಂಡು. ಕೆಂಪು ರಿಬ್ಬನ್ನು ಕಂಡು ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಏನು ಸಾರ್ ಇದು, ಮದುಮಗಳ ಹಾಗೆ! ಹೋಗಲಿ, ಒಳಗೆ ಏನಾದ್ರೂ ಬಿದ್ರೆ ಎತ್ತಿಕೊಡಬೇಡಿ. ಅಳ್ತಾಳಾ? ಅಳಲಿ, ಬಿಡಿ. ಅತ್ತರೆ ಒಳ್ಳೇದು." ಅವನು ತಲೆಯಾಡಿಸಿದ. ಮಗಳು ಅಳಲಿ ಎಂದು ಹಾರೈಸುವ ಜನರ ನಡುವೆ ಕೂತಿದ್ದೇನೆ, ಇವರೆಲ್ಲ ಒಳ್ಳೆಯ ಜನ, ನಾನೂ ಇವರಲ್ಲೊಬ್ಬ ಎಂದು ಯೋಚಿಸಿದ. ಹಿಂದೆಯೇ, ಹೋದ ವರ್ಷ ಇಲ್ಲಿಯೇ ಮೊದಲ ತಪಾಸಣೆಗೆ ಬಂದಾಗ ಮಗಳ ಬೆನ್ನ ಹಿಂದೆ ನಿಂತು, ಚೆಂಡು ಎಲ್ಲಿ ಎಂದು ಕೇಳಿದಾಗ ತನ್ನ ಬೆರಳಿನಿಂದ ಅವಳ ಮೊಣಕೈಯನ್ನು ಚೆಂಡಿನತ್ತ ಮೆಲ್ಲಗೆ ತಳ್ಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಆಗ ಪಾಸು ಮಾಡಿಸಲು ಮೋಸ. ಈಗ ಫೇಲು ಮಾಡಿಸಲು.

ಒಳಗಿನ ಕೋಣೆಯಲ್ಲಿ ಮೊಣಕಾಲೆತ್ತರದ ಮೇಜು, ಅದಕ್ಕೆ ತಕ್ಕ ಪುಟ್ಟ ಕುರ್ಚಿಗಳು. ಮೇಡಂಗೆ ಅರವತ್ತರ ಹತ್ತಿರ; ಕನ್ನಡಕವನ್ನು ದಾರದಲ್ಲಿ ಕತ್ತಿಗೆ ತೂಗುಬಿಟ್ಟಿದ್ದರು. ಅವನಿಗೂ ಪುಟ್ಟ ಕುರ್ಚಿಯನ್ನೇ ತೋರಿಸಿದರು. ಕೂತಾಗ ಮೊಣಕಾಲು ಎದೆಗೆ ಬಂತು. ತಾಯಿ ಕೂರಲು ಒಪ್ಪದೆ ಗೋಡೆಗೊರಗಿ ನಿಂತಳು. ಅವನು ಐವತ್ತೆರಡರ ಪಟ್ಟಿಯನ್ನೂ ವಂಶವಾಹಿಯ ವರದಿಯನ್ನೂ ಮುಂದಿಟ್ಟ. ಮೇಡಂ ವರದಿಯನ್ನು ಓದಿದರು, ಪಟ್ಟಿಯ ಉದ್ದ ನೋಡಿ ಅದನ್ನು ಮಡಿಸಿ ಪಕ್ಕಕ್ಕಿಟ್ಟರು. ಅವರು ಪೆನ್ಸಿಲು ಹಿಡಿದ ರೀತಿಯನ್ನು ಕಂಡು ಅವನಿಗೆ ಒಳಗೆ ಚಳಿ ಹುಟ್ಟಿತು. ಎದುರಿನವರಿಗೆ ಕಾಣದಂತೆ ಎಡಗೈಯನ್ನು ಅಡ್ಡ ಇಟ್ಟು, ಕಾಗದ ನೋಡದೆ ಗೆರೆ ಹಾಕುವುದು. ಅವನದೇ ಕಸುಬು. ಆ ಪಕ್ಕದ ಸೀಟಿನಲ್ಲಿ ಕೂತವನ ಎದುರು ಜನ ಯಾಕೆ ಬೆವರುತ್ತಾರೆಂದು ಒಂಬತ್ತು ವರ್ಷದ ಮೇಲೆ ಅವನಿಗೆ ಅರ್ಥವಾಗತೊಡಗಿತು.

ಮೊದಲ ಅರ್ಧ ಗಂಟೆ ಎಲ್ಲವೂ ಅವನು ಬಯಸಿದಂತೆ ಕೆಟ್ಟದಾಗಿ ನಡೆಯಿತು. ಚಿತ್ರದ ಪುಸ್ತಕದಲ್ಲಿ ನಾಯಿ ಎಲ್ಲಿ ಎಂದರೆ ಅಧ್ಯಕ್ಷೆ ಪುಸ್ತಕವನ್ನೇ ಮುಚ್ಚಿದಳು. ಮಣಿ ಪೋಣಿಸು ಎಂದರೆ ದಾರವನ್ನು ನೋಡಿ, "ಬೇಡ," ಎಂದಳು. ಕುಪ್ಪಳಿಸು ಎಂದು ಮೇಡಂ ಆ ವಯಸ್ಸಿನಲ್ಲಿ ತಾವೇ ಎರಡು ಸಲ ಕುಪ್ಪಳಿಸಿ ತೋರಿಸಿದಾಗ, ಪ್ರದರ್ಶನವನ್ನು ಪೂರ್ತಿ ನೋಡಿ, "ಸಾಕು," ಎಂದಳು. ಪ್ರತಿ ಸಲವೂ ಗೋಡೆಯ ಕಡೆಯಿಂದ ತಾಯಿ, "ಮನೇಲಿ ಮಾಡ್ತಾಳೆ ಮೇಡಂ! ಎಲ್ಲಾ ಮಾಡ್ತಾಳೆ!" ಎನ್ನುತ್ತಿದ್ದಳು, ಪ್ರತಿ ಸಲವೂ ಅವನು, "ಇಲ್ಲ ಮೇಡಂ, ಮಾಡಲ್ಲ," ಎನ್ನುತ್ತಿದ್ದ. "ಮಾಡ್ತಾಳೆ ಕಣೋ!" "ಅಮ್ಮ, ಸುಮ್ಮನಿರು." ಮೇಡಂ ಇಬ್ಬರ ಕಡೆಗೂ ನೋಡದೆ ಗೆರೆ ಹಾಕುತ್ತಿದ್ದರು.

ಆಮೇಲೆ ಅವರು ತಗಡಿನ ಡಬ್ಬಿಯಿಂದ ಕೆಂಪು ಬಣ್ಣದ ಮರದ ಬ್ಲಾಕುಗಳನ್ನು ಮೇಜಿನ ಮೇಲೆ ಸುರಿದು, ಒಂದರ ಮೇಲೊಂದು ಎರಡನ್ನು ಇಟ್ಟು ತೋರಿಸಿ ತೆಗೆದರು. ಅಧ್ಯಕ್ಷೆ ಸ್ವಲ್ಪ ಹೊತ್ತು ನೋಡಿದಳು. ಒಂದನ್ನು ಎತ್ತಿಕೊಂಡಳು. ಇನ್ನೊಂದರ ಮೇಲಿಟ್ಟಳು. ಹೋದ ವರ್ಷ ಇಡೀ ಬೇಸಿಗೆ ಅವನು ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ ಇದನ್ನೇ ಹೇಳಿಕೊಟ್ಟಿದ್ದ. ಬೇಡಿಕೊಂಡಿದ್ದ. ಒಮ್ಮೆ ಕೂಗಾಡಿಯೂ ಇದ್ದ. ಅವಳು ಪ್ರತಿ ಬ್ಲಾಕನ್ನೂ ಶಾಂತವಾಗಿ ಮಂಚದ ಕೆಳಗೆ ಎಸೆದಿದ್ದಳು. ಈಗ ಮೂರನೆಯದನ್ನು ಇಟ್ಟಳು. ನಾಲ್ಕನೆಯದು ಸ್ವಲ್ಪ ಓರೆಯಾಯಿತು; ತೋರುಬೆರಳಿನಿಂದ ಅದನ್ನು ಸರಿಪಡಿಸಿದಳು. ಆ ಬೆರಳು! ತನ್ನ ಮಗಳಿಗೆ ಓರೆ ಯಾವುದು ನೇರ ಯಾವುದು ಎಂದು ಗೊತ್ತಿದೆ. ಎದೆಯಲ್ಲಿ ಏನೋ ಉಬ್ಬಿ ಬಂತು. ಅದರ ಬೆನ್ನಿಗೇ, ಕಳ್ಳನ ಹಾಗೆ, ಇನ್ನೊಂದು ಲೆಕ್ಕ: ನಾಲ್ಕಾಯಿತು, ಇನ್ನು ನಿಲ್ಲಿಸಲಿ, ಇಷ್ಟಕ್ಕೇ ಬಿಡಲಿ, ಇಲ್ಲವಾದರೆ ಇವಳಿಗೆ ಏನೂ ಕೊಡುವುದಿಲ್ಲ. ಐದು. ಮುಂದಿನ ವರ್ಷ ಇವಳನ್ನು ಮೂವತ್ತು ಮಕ್ಕಳ ನಡುವೆ ಒಬ್ಬಳನ್ನೇ ಕೂರಿಸಿ ಬರುವ ಬಾಗಿಲು ಕಣ್ಣ ಮುಂದೆ ಬಂತು. ಆರು. ಗೋಡೆಯ ಕಡೆಯಿಂದಲೂ ಸದ್ದಿರಲಿಲ್ಲ. ಬೀಳಲಿ, ಎಂದುಕೊಂಡ. ದೇವರೇ, ಬೀಳಲಿ.

ಅವನ ಮೊಣಕಾಲು ಮೇಜಿಗೆ ಬಡಿಯಿತು.

ಬಡಿಯಿತೋ ಬಡಿದನೋ ಅವನಿಗೆ ಗೊತ್ತಾಗಲಿಲ್ಲ. ಕುರ್ಚಿ ಪುಟ್ಟದಾಗಿತ್ತು, ಕಾಲು ಜೋಮು ಹಿಡಿದಿತ್ತು, ಇವೆರಡೂ ನಿಜ. ಗೋಪುರ ಕುಸಿದು ಒಂದು ಬ್ಲಾಕು ಉರುಳಿ ಮೇಡಂನ ಮಡಿಲಿಗೆ ಬಿತ್ತು. ಮಗಳು ನಿಧಾನವಾಗಿ ಕತ್ತು ತಿರುಗಿಸಿ ಅವನ ಮುಖವನ್ನು ನೋಡಿದಳು. ಕೋಪವಿರಲಿಲ್ಲ, ಅಳು ಇರಲಿಲ್ಲ. ಸಭೆಯ ನಡುವೆ ಯಾರದೋ ಕುರ್ಚಿ ಕಿರುಗುಟ್ಟಿದಾಗ ಅಧ್ಯಕ್ಷರು ನೋಡುವಂತೆ ನೋಡಿ, "ಬೇಡ," ಎಂದಳು. ಆಮೇಲೆ ಮೇಡಂನ ಮುಂದೆ ಅಂಗೈ ಚಾಚಿ ಆ ಬ್ಲಾಕನ್ನು ವಾಪಸು ಪಡೆದು, ಮೊದಲಿನಿಂದ ಶುರುಮಾಡಿದಳು.

"ನೀವು ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ," ಎಂದರು ಮೇಡಂ.

"ಮೊಣಕಾಲು ತಗಲ್ತು," ಎಂದ.

"ನೋಡ್ದೆ."

ಅವನು ಕುರ್ಚಿ ಸಮೇತ ಗೋಡೆಯವರೆಗೆ ಸರಿದ. ಅಲ್ಲಿ ತಾಯಿಯ ಸೆರಗು ಮುಖಕ್ಕೆ ತಾಗುತ್ತಿತ್ತು. ಏಳು. ಎಂಟು. ಬ್ಲಾಕುಗಳು ಮುಗಿದವು. ಅಧ್ಯಕ್ಷೆ ಮೇಜಿನ ಮೇಲೆಲ್ಲ ಕಣ್ಣಾಡಿಸಿ, ಡಬ್ಬಿಯನ್ನೂ ಬಗ್ಗಿ ನೋಡಿ, ಇಷ್ಟೇಯೋ ಎಂಬಂತೆ ಕೈ ಕಟ್ಟಿ ಕೂತಳು.

"ಮೇಡಂ," ಎಂದು ಅವನು ಶುರುಮಾಡಿದ. ದನಿ ತನ್ನದಲ್ಲ, ಕಂಬ ಬೀಳಿಸಿ ಇಳಿದವರ ದನಿ. "ಇದು ಇವತ್ತು ಮಾತ್ರ ಮೇಡಂ. ನಾನು ಸುಳ್ಳು ಹೇಳ್ತಿಲ್ಲ. ಮನೇಲಿ ಒಂದು ಸಲಾನೂ ಮಾಡಿಲ್ಲ. ಬೇಕಾದ್ರೆ ನನ್ನ ಹೆಂಡತೀನ ಕೇಳಿ."

"ಮಾಡ್ತಾಳೆ," ಎಂದಳು ತಾಯಿ. ಈ ಸಲ ಕೂಗಲಿಲ್ಲ. "ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮಾಡ್ತಾಳೆ. ಸೋಪಿನ ಡಬ್ಬಿ ಇಟ್ಟು ಆಡ್ತೀವಿ, ಅವಳು ನಾನು. ಎರಡು ತಿಂಗಳಿಂದ. ಮೊದಲು ಎರಡು ಇಡ್ತಿದ್ಲು. ನಾನು ಹೇಳಿದ್ನಲ್ಲ ನಿಂಗೆ? ಎಷ್ಟು ಸಲ ಹೇಳ್ದೆ!"

ಹೇಳಿದ್ದಳು. ಎರಡು ತಿಂಗಳಿಂದ ದಿನಾ ಸಂಜೆ ಅವನು ಬೂಟು ಬಿಚ್ಚುವಾಗ ಹೇಳುತ್ತಿದ್ದಳು: ಇವತ್ತು ನಾಲ್ಕು ಇಟ್ಟಳು, ಇವತ್ತು ಐದು. ಬಸ್ಸಿನಲ್ಲಿ ಎರಡೂವರೆ ವರ್ಷ ಎನ್ನುವ ಬಾಯಿ ಅದು ಎಂದು ಅವನು ಹೂಂಗುಟ್ಟಿ ಒಳಗೆ ಹೋಗುತ್ತಿದ್ದ. ಬಚ್ಚಲಮನೆಯ ಕಪಾಟಿನಲ್ಲಿ ಹದಿನಾಲ್ಕು ಸೋಪು ಯಾಕಿವೆ ಎಂದು ಹೆಂಡತಿ ಕೇಳಿದಾಗ, ವಯಸ್ಸಾಯಿತಲ್ಲ, ತಂದದ್ದು ಮರೆತು ಮತ್ತೆ ತರುತ್ತಾಳೆ ಎಂದು ಗುಟ್ಟಾಗಿ ಹೇಳಿದ್ದವನೂ ಅವನೇ. ಈಗ ತಾಯಿಯ ಮುಖ ನೋಡಲು ಕತ್ತು ಎತ್ತಬೇಕಿತ್ತು, ಎತ್ತಲಾಗಲಿಲ್ಲ. ಅವಳ ಚಪ್ಪಲಿಯನ್ನು ನೋಡಿದ. ಒಂದರ ಉಂಗುಷ್ಠ ಕಿತ್ತುಹೋಗಿ ಪಿನ್ನು ಹಾಕಿದ್ದಳು.

"ಮೊಣಕಾಲು," ಎಂದ ಅವನು ಮೇಡಂ ಕಡೆಗೆ. "ನಾನು ಬೇಕಂತ ಹೊಡೆದಿದ್ದೇನೋ ಅಂತ ನಂಗೇ ಅನುಮಾನ." ಯಾಕೆ ಹೇಳಿದನೋ. ಹನ್ನೊಂದು ವಾರ ಉರುಹಾಕಿ ಉಪಯೋಗಕ್ಕೆ ಬಾರದೆ ಉಳಿದಿದ್ದ ತಪ್ಪೊಪ್ಪಿಗೆಗೆ ಅಂತೂ ಒಂದು ದಾರಿ ಸಿಕ್ಕಿತ್ತು.

ಮೇಡಂ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. "ಮೂವತ್ತೊಂದು ವರ್ಷ ಆಯ್ತು ನಾನು ಈ ಕುರ್ಚಿಲಿ ಕೂತು. ಬಂದ ಅಪ್ಪಂದಿರೆಲ್ಲ ಮನೇಲಿ ಮಾಡ್ತಾಳೆ, ಇಲ್ಲಿ ಮಾಡ್ತಿಲ್ಲ ಅಂತಾರೆ. ಇಲ್ಲಿ ಮಾಡ್ತಾಳೆ, ಮನೇಲಿ ಮಾಡಲ್ಲ ಅಂದವರು ನೀವೊಬ್ಬರೇ." ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಅವರದೂ ಅವನಂಥದೇ ಮುಖ. "ಹೊರಗಡೆ ಆ ಅವಳಿ ಮಕ್ಕಳ ತಾಯಿ ಪಾಠ ಮಾಡಿದ್ರಾ?"

ಅವನು ಬಾಗಿಲ ಕಡೆ ನೋಡಿದ.

"ನೋಡಿ, ಅವಳು ಬ್ಲಾಕು ಇಟ್ಟಳು ಅಂತ ನಾನು ಕೈ ಬಿಡಲ್ಲ. ಮಾತು ಒಂದೂವರೆ ವರ್ಷದ ಮಗುವಿನಷ್ಟಿದೆ, ನಡಿಗೆ ನೋಡಿದೆ, ವರದಿ ಇದೆ. ಕೊಡಬೇಕಾದ್ದು ಕೊಡ್ತೀವಿ. ಆದ್ರೆ ಬರೋದನ್ನ ನೀವು ಬಚ್ಚಿಟ್ರೆ ನಮ್ಮ ಟೀಚರು ಎಲ್ಲಿಂದ ಶುರು ಮಾಡ್ಬೇಕು? ಬಾರದ್ದರ ಮೇಲೆ ಏನನ್ನೂ ಇಡೋಕಾಗಲ್ಲ." ಐವತ್ತೆರಡರ ಪಟ್ಟಿಯನ್ನು ತೆಗೆದು ಅವನ ಕೈಗೆ ಕೊಟ್ಟು, ಅದರ ಹಿಂಬದಿಯ ಖಾಲಿ ಪುಟವನ್ನು ತೋರಿಸಿದರು. "ಇಲ್ಲಿ ಅವಳಿಗೆ ಬರೋದನ್ನ ಬರೀರಿ. ಅಜ್ಜಿ ಹೇಳ್ತಾರೆ, ನೀವು ಬರ್ಕೊಳ್ಳಿ."

ತಾಯಿ ಈಗ ಕೂರಲು ಒಪ್ಪಿದಳು. ಪುಟ್ಟ ಕುರ್ಚಿಯ ಮೇಲೆ ಸೆರಗು ಸರಿಮಾಡಿಕೊಂಡು ಕೂತು, ಗಂಟಲು ಸರಿಪಡಿಸಿಕೊಂಡು ಹೇಳತೊಡಗಿದಳು. ಬಾಗಿಲ ಗಂಟೆಗೂ ಫೋನಿನ ಗಂಟೆಗೂ ವ್ಯತ್ಯಾಸ ಗೊತ್ತು. ನನಗೆ ಕಾಲು ನೋವಿದ್ದ ದಿನ ಕೈ ಹಿಡಿದು ಎಳೆಯುವುದಿಲ್ಲ. ಅಮ್ಮನ ಚಪ್ಪಲಿ ಯಾವುದು, ಅಪ್ಪನದು ಯಾವುದು ಗೊತ್ತು. ಬೀಗಿತ್ತಿ ಬಂದರೆ ಅವರ ಚಪ್ಪಲಿ ಬಚ್ಚಿಡುತ್ತಾಳೆ. "ಅದನ್ನ ನೀನು ಹೇಳಿಕೊಟ್ಟೆಯಾ?" ಎಂದ ಅವನು. "ಅವಳೇ ಕಲಿತಿದ್ದು, ಬರ್ಕೋ," ಎಂದಳು ತಾಯಿ. ಅವನು ಬರೆದ. ಅದು ಸುಳ್ಳೋ ನಿಜವೋ ಕೇಳಲಿಲ್ಲ, ಅಡ್ಡಗೆರೆ ಎಳೆಯಲಿಲ್ಲ. ಪುಟ ತುಂಬಿದಾಗ ಅಂಚಿನಲ್ಲಿ ಓರೆಯಾಗಿ ಬರೆದ. ವಾರಕ್ಕೆ ಎರಡು ದಿನ ಮಾತಿನ ತರಬೇತಿ, ಒಂದು ದಿನ ವ್ಯಾಯಾಮ, ಶಾಲೆಗೆ ಸೇರಿದ ಮೇಲೆ ಅರ್ಧ ದಿನ ಸಹಾಯಕಿ ಎಂದು ಮೇಡಂ ಓದಿ ಹೇಳಿದರು. ಒಂದೂವರೆ ತಿಂಗಳು ಕಾಯಬೇಕು, ಆಮೇಲೆ ಕಾಗದ ಬರುತ್ತದೆ. ಅವನು ಸಹಿ ಹಾಕಿದ.

ಹೊರಗೆ ಬಂದಾಗ ಅವಳಿ ಮಕ್ಕಳ ತಾಯಿ ಹುಬ್ಬೇರಿಸಿ ಏನಾಯಿತೆಂದು ಸನ್ನೆಯಲ್ಲೇ ಕೇಳಿದರು. ಏನೆಂದು ಹೇಳುವುದು? ಅವನು ಹೆಬ್ಬೆರಳನ್ನು ಮೇಲೆ ಮಾಡಿ, ಯಾಕೋ ಕೆಳಗೂ ಮಾಡಿ, ನಕ್ಕು ಮುಂದೆ ಹೋದ. ಮೆಟ್ಟಿಲ ಬಳಿ ಅಧ್ಯಕ್ಷೆ ಕಂಬಿ ಹಿಡಿದು ನಿಂತುಬಿಟ್ಟಳು, ದಣಿದಿದ್ದಳು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ, ಅವಳು ಅವನ ಬೆನ್ನಿಗೆ ಒರಗಿದಳು, ರಿಬ್ಬನ್ನಿನ ಗಂಟು ಕತ್ತಿಗೆ ಚುಚ್ಚುತ್ತಿತ್ತು. ಹತ್ತುವವರು ಇಳಿಯುವವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ತಾಯಿ ಪಕ್ಕದಲ್ಲಿ ಕೂತು ಚಪ್ಪಲಿಯ ಪಿನ್ನು ಸರಿಮಾಡಿಕೊಳ್ಳುತ್ತಿದ್ದಳು. "ಅಮ್ಮ," ಎಂದ. "ಗೊತ್ತು ಬಿಡೋ," ಎಂದಳು ಅವಳು, ಪಿನ್ನು ಬಾಯಲ್ಲಿ ಕಚ್ಚಿಕೊಂಡೇ. ಆಗ ಫೋನು ಬಂತು.

"ರೀ, ಏನಾಯ್ತು? ಸಿಕ್ತಾ, ಇಲ್ವಾ?" ಹಿಂದೆ ಅಂಗಡಿಯ ಗಲಾಟೆ, ಯಾರೋ ಗಿರಾಕಿ, "ಇದರಲ್ಲೂ ಮಸುಕೇ," ಎನ್ನುತ್ತಿದ್ದ.

ವಾರಕ್ಕೆ ಎಷ್ಟು ದಿನ, ಯಾವಾಗಿನಿಂದ ಎಂದೆಲ್ಲ ಕ್ರಮವಾಗಿ ಹೇಳಲು ಅವನು ಬಾಯಿ ತೆರೆದ. "ಎಂಟು ಇಟ್ಟಳು," ಎಂದ.

"ಏನು ಎಂಟು?"

"ಬ್ಲಾಕು. ಒಂದರ ಮೇಲೊಂದು."

ಆ ಕಡೆ ಅವಳು ಏನನ್ನೋ ಕೆಳಗಿಟ್ಟ ಸದ್ದು ಕೇಳಿಸಿತು. ಗಿರಾಕಿಗೆ ಒಂದು ನಿಮಿಷ ಎಂದಳು. "ಅಯ್ಯೋ," ಎಂದಳು ಆಮೇಲೆ, ದನಿ ತಗ್ಗಿಸಿ. "ಹಾಗಾದ್ರೆ ಏನೂ ಕೊಡಲ್ವಂತಾ?"

"ಕೊಡ್ತಾರೆ. ಎಲ್ಲಾ ಕೊಡ್ತಾರೆ. ಮನೆಗೆ ಬಾ, ಹೇಳ್ತೀನಿ."

"ಅದಿರಲಿ. ಎಷ್ಟು ಅಂದ್ರಿ? ಇನ್ನೊಂದ್ಸಲ ಹೇಳಿ."

ತಾಯಿ ಫೋನಿಗೆ ಬಾಯಿ ಹಚ್ಚಿದಳು. "ಒಂಬತ್ತು!" ಎಂದು ಕೂಗಿದಳು.

"ಎಂಟು ಅಮ್ಮ. ನಾನು ಎಣಿಸಿದ್ದೀನಿ."

"ಡಬ್ಬೀಲಿ ಇದ್ದಿದ್ದೇ ಎಂಟು. ಅದಕ್ಕೆ ಮಗು ಏನು ಮಾಡುತ್ತೆ? ಇನ್ನೊಂದಿದ್ದಿದ್ರೆ ಅದನ್ನೂ ಇಡ್ತಿದ್ಲು."

ಅವನು ಮಗಳ ಕಡೆ ತಿರುಗಿದ. ಅವನ ಭುಜದ ಮೇಲೆ ಕೆನ್ನೆಯೊತ್ತಿ ಅವಳು ಆಗಲೇ ನಿದ್ದೆಹೋಗಿದ್ದಳು.

"ಏನ್ರೀ ಅಂತಿದಾರೆ ಅತ್ತೆ?" ಎಂದಳು ಹೆಂಡತಿ. "ಎಂಟೋ ಒಂಬತ್ತೋ?"

"ಒಂಬತ್ತು," ಎಂದ ಅವನು. "ಒಂಬತ್ತು ಅಂತಲೇ ಇಟ್ಕೋ."